ಕಾವಿಗೆ ಕುಂತ ಕೋಳಿಯನ್ನು ಎಬ್ಬಿಸುವ ಮುನ್ನ

ಬೆಳಗಾವಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸಿಗುವ ಕಾಕತಿ ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು. ಇಲ್ಲಿನ ಹಳೆಯ ಓಣಿಗಳ ಹಿತ್ತಲಲ್ಲಿ ಜವಾರಿ ಕೋಳಿಗಳು ಇನ್ನೂ ಇವೆ. ಕೋಳಿಯೊಂದು ಹತ್ತು ಹದಿನೈದು ತತ್ತಿ ಇಟ್ಟು ಮುಗಿಸಿ, ಗರಿ ಕೆದರಿಕೊಂಡು ಮೂಲೆ ಹಿಡಿದರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. "ಕಾವಿಗೆ ಕುಂತೈತಿ, ಬುಟ್ಟಿ ತಗೊಂಡ ಬಾ" ಎನ್ನುವುದು ಒಂದು. "ಕಾವ ಬಿಡಸ್ರಿ, ಇನ್ನ ತತ್ತಿ ಇಡಂಗಿಲ್ಲ ಅದು" ಎನ್ನುವುದು ಇನ್ನೊಂದು. ಎರಡನೆಯ ಮಾತೇ ಗೆದ್ದರೆ ಕೋಳಿಗೆ ಕಷ್ಟಕಾಲ. ತಣ್ಣೀರಲ್ಲಿ ಅದ್ದುತ್ತಾರೆ, ಬರಿನೆಲದ ಮೇಲೆ ಬುಟ್ಟಿ ಕವುಚಿ ಕೂಡಿಹಾಕುತ್ತಾರೆ, ಕೆಲವು ಕಡೆ ಮೂಗಿನ ಹೊಳ್ಳೆಯಲ್ಲಿ ಗರಿ ತೂರಿಸುತ್ತಾರೆ. ಈಚೆಗೆ ನಮ್ಮ ಕಡೆ ಈ ಎರಡನೆಯ ಮಾತಿನ ಬಲವೇ ಹೆಚ್ಚುತ್ತಿದೆ. ಅದು ತಪ್ಪು ದಾರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಐದೋ ಹತ್ತೋ ಕೋಳಿ ಸಾಕುವ ಮನೆಗೆ ಕಾವು ರೋಗವಲ್ಲ, ನಷ್ಟವೂ ಅಲ್ಲ. ಮುಂದಿನ ಪೀಳಿಗೆಯ ಕೋಳಿಯನ್ನು ಯಾರನ್ನೂ ಕೇಳದೆ ಹುಟ್ಟಿಸಿಕೊಳ್ಳಲು ಆ ಮನೆಗಿರುವ ಸಾಮರ್ಥ್ಯ ಅದೊಂದೇ.

ಕಾವು ಕೋಳಿಯ ಹಟವಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ತತ್ತಿ ಕಟ್ಟುವ ಕೆಲಸ ನಿಲ್ಲುತ್ತದೆ. ಎದೆ ಹೊಟ್ಟೆಯ ಗರಿ ಉದುರಿ, ಬಿಸಿಯಾದ ಬರಿ ಚರ್ಮ ತತ್ತಿಗೆ ನೇರವಾಗಿ ತಾಗುತ್ತದೆ. ಆ ಸ್ಪರ್ಶವೇ ಹಾರ್ಮೋನನ್ನು ಮೇಲೆ ಹಿಡಿದಿಡುತ್ತದೆ. ಗೂಡಿನಿಂದ ದೂರ ಮಾಡಿದರೆ ಅದು ಬೇಗನೆ ಇಳಿಯುತ್ತದೆ. ಕಾವು ಬಿಡಿಸುವ ಉಪಾಯಗಳು ಫಲಿಸುವುದು ಇದರಿಂದಲೇ. ಬಿಡದೆ ಕುಂತ ಕೋಳಿ ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಮಾತ್ರ ಎದ್ದು, ಒಂದಿಷ್ಟು ಕಾಳು ಹೆಕ್ಕಿ, ನೀರು ಕುಡಿದು, ಧೂಳಲ್ಲಿ ಹೊರಳಿ ಮರಳಿ ಬರುತ್ತದೆ. ಮೈತೂಕ ಇಳಿಯುತ್ತದೆ. ಕೊಕ್ಕಿನಿಂದ ತತ್ತಿಗಳನ್ನು ದಿನವೂ ಹಲವು ಸಲ ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ. ಮೂವತ್ತೇಳೂವರೆ ಡಿಗ್ರಿಯ ಹತ್ತಿರದ ಶಾಖ, ಬೇಕಷ್ಟು ತೇವ, ಬೇಕಷ್ಟು ಗಾಳಿ, ಇಷ್ಟನ್ನೂ ಒದಗಿಸಲು ಯಂತ್ರಕ್ಕೆ ಥರ್ಮೋಸ್ಟಾಟ್ ಬೇಕು, ಮೋಟರು ಬೇಕು, ಎಲ್ಲಕ್ಕಿಂತ ಮೊದಲು ನಿಲ್ಲದ ಕರೆಂಟು ಬೇಕು. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಕರೆಂಟಿನ ಪಾಡು ಏನೆಂದು ಅಲ್ಲಿಯವರಿಗೆ ಗೊತ್ತು.

ಹಾಗಿದ್ದೂ ಕಾವಿನ ಮೇಲೆ ಇಷ್ಟು ಅಸಹನೆ ಏಕೆ? ನಮ್ಮ ಅಳತೆಗೋಲು ಬದಲಾಗಿದೆ. ಇಟಲಿಯ ಲಿವೋರ್ನೋ ಬಂದರಿನ ಹೆಸರು ಹೊತ್ತ ಲೆಗ್‌ಹಾರ್ನ್ ತಳಿಯಿಂದ ಬಂದ ಇಂದಿನ ಫಾರಂ ಕೋಳಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ತತ್ತಿ ಇಡುತ್ತದೆ. ಇಡುತ್ತಲೇ ಇರಬೇಕೆಂದು, ಕಾವಿಗೆ ಕೂರುವ ಕೋಳಿಗಳನ್ನು ತಲೆಮಾರುಗಳಿಂದ ವಂಶಾಭಿವೃದ್ಧಿಯ ಹೊರಗಿಟ್ಟು ಆ ಗುಣವನ್ನೇ ಬಹುಮಟ್ಟಿಗೆ ಅಳಿಸಿದರು. ಫಾರಂ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ತಾಯ್ತನಕ್ಕೆ ಜಾಗವಿಲ್ಲ, ಮರಿ ಬರುವುದು ಬೇರೆ ಕಡೆಯಿಂದ. ಆದರೆ ಅದೇ ಅಳತೆಗೋಲನ್ನು ಹಿತ್ತಲಿಗೆ ತಂದಾಗ ತೊಂದರೆ ಶುರುವಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲಿನ ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ, ಇವೆಲ್ಲ ಹಳ್ಳಿಯ ಹಿತ್ತಲಿಗೆಂದೇ ಕಟ್ಟಿದ ತಳಿಗಳು. ಬಣ್ಣದ ಗರಿ, ಗಟ್ಟಿ ಮೈ, ವರ್ಷಕ್ಕೆ ನೂರೈವತ್ತರ ಆಸುಪಾಸು ತತ್ತಿ. ಅವನ್ನು ಕಟ್ಟಿದವರ ಶ್ರಮಕ್ಕೆ ನನ್ನ ಗೌರವವಿದೆ. ಬಡವರ ತಟ್ಟೆಗೆ ತತ್ತಿ, ಮಾಂಸ ಮುಟ್ಟಿಸಿದ ತಳಿಗಳಿವು. ಆದರೆ ಇವು ಕಾವಿಗೆ ಕೂರುವುದು ಅಪರೂಪ. ಒಮ್ಮೆ ತಂದ ಹತ್ತು ಕೋಳಿ ಮುಗಿದರೆ ಹನ್ನೊಂದನೆಯದು ಆ ಹಿತ್ತಲಲ್ಲಿ ಹುಟ್ಟುವುದಿಲ್ಲ. ಹೈಬ್ರಿಡ್ ಬೀಜ ಬಿತ್ತಿದ ರೈತ ಪ್ರತಿ ಹಂಗಾಮಿಗೂ ಅಂಗಡಿಗೆ ಹೋಗಬೇಕಾದಂತೆ, ಮನೆಯೊಡತಿ ಪ್ರತಿ ಸಲ ಮರಿಗಾಗಿ ಇಲಾಖೆಯ ಪಟ್ಟಿಗೋ ಸೈಕಲ್ಲಿನ ಮೇಲೆ ಮರಿ ಮಾರುವವನಿಗೋ ಕಾಯಬೇಕು.

ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಒಲೆಯ ಶಾಖದಲ್ಲಿ ತತ್ತಿ ಒಡೆಸುವ ವಿದ್ಯೆ ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದು. ಫ್ರಾನ್ಸಿನ ರಿಯೂಮರ್ 1749ರಲ್ಲಿ ತತ್ತಿಗೆ ಕೃತಕ ಕಾವು ಕೊಡುವ ಬಗೆಗೆ ಪುಸ್ತಕ ಬರೆದಾಗ ಈ ಒಲೆಗಳನ್ನು ಬೆರಗಿನಿಂದ ನೆನೆದಿದ್ದ. ಅದೇ ಈಜಿಪ್ಟಿನ ಫಯೂಮಿ ತಳಿ ಕಾವಿಗೆ ಕೂರುವುದು ತೀರ ವಿರಳ. ಒಲೆ ಇರುವಲ್ಲಿ ತಾಯಿ ಕೋಳಿಯನ್ನು ಯಾರೂ ಆರಿಸಿ ಉಳಿಸಲಿಲ್ಲ ಎಂದು ಊಹಿಸಲು ಎಡೆಯಿದೆ. ಆದರೂ ಅಲ್ಲಿಯ ಜನರ ಕೈ ಬರಿದಾಗಲಿಲ್ಲ, ಏಕೆಂದರೆ ಆ ಒಲೆಗಳನ್ನು ನಡೆಸುತ್ತಿದ್ದವರು ಊರಿನದೇ ಕುಟುಂಬಗಳು. ವಿದ್ಯೆ ಊರೊಳಗೇ ಇತ್ತು. ನಮ್ಮಲ್ಲಿ ಹಾಗಿಲ್ಲ. ಕಾಕತಿಯ ಹಿತ್ತಲಿನಿಂದ ಕಾವು ಹೋದರೆ ಅದರ ಜಾಗಕ್ಕೆ ಬರುವುದು ಊರಿನ ಒಲೆಯಲ್ಲ, ದೂರದ ಕಂಪನಿ ಅಥವಾ ದೂರದ ಸರ್ಕಾರಿ ಕೇಂದ್ರ. ಮರಿ ಹುಟ್ಟಿಸುವ ಕೆಲಸ ಯಾರ ಕೈಯಲ್ಲಿರಬೇಕು ಎಂಬುದೇ ಇಲ್ಲಿರುವ ಪ್ರಶ್ನೆ.

ತತ್ತಿಯ ಲೆಕ್ಕವನ್ನು ನೇರವಾಗಿಯೇ ನೋಡೋಣ, ಎದುರು ವಾದದ ಬಲವೆಲ್ಲ ಅಲ್ಲಿದೆ. ಜವಾರಿ ಕೋಳಿ ವರ್ಷಕ್ಕೆ ಇಡುವುದು ಐವತ್ತರಿಂದ ಎಪ್ಪತ್ತು ತತ್ತಿ. ಒಂದು ಸರದಿ ತತ್ತಿ, ಮೂರು ವಾರ ಕಾವು, ಆಮೇಲೆ ಎಂಟು ಹತ್ತು ವಾರ ಮರಿಗಳ ಹಿಂದೆ ತಿರುಗಾಟ. ಕಾವು ಬಿಡಿಸಿದರೆ ಎಷ್ಟೋ ಬೇಗ ಮತ್ತೆ ಇಡುತ್ತದೆ. ನಿಜ. ಆದರೆ ಹೆಚ್ಚು ತತ್ತಿಗೆ ಹೆಚ್ಚು ಕಾಳು ಬೇಕು. ನುಚ್ಚು, ತೌಡು, ಉಳಿದ ರೊಟ್ಟಿ ಚೂರು, ತಿಪ್ಪೆಯ ಹುಳುಗಳ ಮೇಲೆ ಬದುಕುವ ಕೋಳಿ ನೂರೈವತ್ತು ತತ್ತಿ ಇಡುವುದಿಲ್ಲ, ತಳಿ ಯಾವುದೇ ಇರಲಿ. ಇನ್ನು ಕಾವಿಗಿಟ್ಟ ಹನ್ನೆರಡು ತತ್ತಿಯಲ್ಲಿ ಚಲೋ ಕೋಳಿ ಒಂಬತ್ತು ಹತ್ತು ಮರಿ ಮಾಡುತ್ತದೆ. ಅವುಗಳಲ್ಲಿ ಐದು ಉಳಿದು ಬೆಳೆದರೂ ಸಾಕು. ಬೆಳಗಾವಿಯ ಪೇಟೆಯಲ್ಲಿ ಬೆಳೆದ ಒಂದು ಜವಾರಿ ಹುಂಜದ ಬೆಲೆಯ ಮುಂದೆ ಆ ಹನ್ನೆರಡೂ ತತ್ತಿಗಳ ಬೆಲೆ ಲೆಕ್ಕಕ್ಕೇ ಬಾರದು. ಜಾತ್ರೆಗೆ, ಹರಕೆಗೆ, ಬೀಗರು ಬಂದ ದಿನಕ್ಕೆ ಜನ ಹುಡುಕುವುದು ಜವಾರಿಯನ್ನೇ. ಹಣ ಬೇಕಾದಾಗ ಮನೆಯಾಕೆ ಯಾರನ್ನೂ ಕೇಳದೆ ಮಾರಬಹುದಾದ ಆಸ್ತಿ ಅದು. ಹುಟ್ಟಿದ ಗಂಡುಮರಿಯೂ ಅವಳಿಗೆ ಬೇಕು. ತತ್ತಿ ಕೋಳಿಯ ಹ್ಯಾಚರಿಗಳಲ್ಲಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಜಗತ್ತಿನ ಬಹುಭಾಗದಲ್ಲಿ ಇನ್ನೂ ಇದೆ. ಜರ್ಮನಿ ಅದನ್ನು ನಿಷೇಧಿಸಿದ್ದು 2022ರ ಜನವರಿಯಿಂದ. ನಮ್ಮ ಹಿತ್ತಲಿಗೆ ಅಂಥ ಕಾನೂನು ಬೇಕಾಗಿಯೇ ಇರಲಿಲ್ಲ.

ತಾಯಿ ಕೋಳಿಯ ಕೆಲಸ ಮರಿ ಹೊರಬಂದಲ್ಲಿಗೆ ಮುಗಿಯುವುದಿಲ್ಲ. ನನ್ನ ವಾದದ ಮುಖ್ಯ ಆಧಾರ ಅಲ್ಲಿಂದ ಮುಂದಿದೆ. ಕೊನೆಯ ಎರಡು ಮೂರು ದಿನ ತತ್ತಿಯೊಳಗಿಂದಲೇ ಮರಿ ಚಿಂವ್ ಎನ್ನತೊಡಗುತ್ತದೆ, ತಾಯಿ ಕೆಳದನಿಯಲ್ಲಿ ಉತ್ತರ ಕೊಡುತ್ತದೆ. ಹೊರಬಿದ್ದ ಮರಿಗೆ ಮೊದಲ ವಾರಗಳಲ್ಲಿ ತನ್ನ ಮೈಶಾಖ ತಾನೇ ಕಾಯ್ದುಕೊಳ್ಳಲಾಗದು. ಬಲ್ಬಿನ ಕೆಳಗೆ ಬೆಳೆದ ಮರಿಗೆ ಇಡೀ ಕೋಣೆಯ ಶಾಖವನ್ನು ಸರಿದೂಗಿಸಬೇಕು, ತಾಯಿಯ ರೆಕ್ಕೆಯಡಿಯ ಮರಿ ಚಳಿಯಾದಾಗ ನುಗ್ಗಿ, ಬೆಚ್ಚಗಾದಾಗ ಹೊರಬರುತ್ತದೆ. ತಾಯಿ ಕೆರೆದು ತೋರಿಸುತ್ತದೆ, ಕಾಳನ್ನು ಎತ್ತಿ ಬೀಳಿಸಿ ಕರೆಯುತ್ತದೆ. ಆಕಾಶದಿಂದೆರಗುವ ಗಿಡಗನಿಗೊಂದು ಕೂಗು, ನೆಲದ ಮೇಲೆ ಬರುವ ಬೆಕ್ಕಿಗೆ ಮುಂಗುಸಿಗೆ ಇನ್ನೊಂದು. ಯಾವ ಕೂಗಿಗೆ ಪೊದೆಗೆ ಓಡಬೇಕು, ಯಾವುದಕ್ಕೆ ಅಲುಗದೆ ಕೂರಬೇಕು ಎಂಬುದು ಮರಿಗೆ ಹಿತ್ತಲಲ್ಲೇ ರೂಢಿಯಾಗುತ್ತದೆ. ಐದಾರು ವಾರ ಶೆಡ್ಡಿನಲ್ಲಿ ಬೆಳೆದು ಬಂದ ಮರಿ ಗಿಡಗನ ನೆರಳನ್ನೇ ಕಂಡಿರುವುದಿಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣದ್ದು. 1973ರಲ್ಲಿ ಫಿನ್‌ಲ್ಯಾಂಡಿನ ನುರ್ಮಿ ಮತ್ತು ರಂತಲ ಎಂಬ ಇಬ್ಬರು ವಿಜ್ಞಾನಿಗಳು, ಹ್ಯಾಚರಿಯ ಎಳೆಮರಿಗಳಿಗೆ ಬೆಳೆದ ಕೋಳಿಯ ಕರುಳಿನ ಅಂಶವನ್ನು ಕೊಟ್ಟು ನೋಡಿದರು. ಅಂಥ ಮರಿಗಳು ಸಾಲ್ಮೊನೆಲ್ಲಾ ಸೋಂಕನ್ನು ಬಹುಮಟ್ಟಿಗೆ ತಡೆದುಕೊಂಡವು. ಯಂತ್ರದಲ್ಲಿ ಹುಟ್ಟಿದ ಮರಿ ದೊಡ್ಡ ಕೋಳಿಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅದರ ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳು ಬೇಗ ಬಂದು ನೆಲೆಸುವುದಿಲ್ಲ, ಖಾಲಿ ಜಾಗಕ್ಕೆ ಕೆಟ್ಟವು ನುಗ್ಗುತ್ತವೆ ಎಂಬುದು ಅವರು ಕಂಡ ಕಾರಣ. ಆ ಮೇಲೆ ಕೋಳಿಮರಿಗಳಿಗೆ ಕೊಡುವ ಇಂಥ ಸೂಕ್ಷ್ಮಜೀವಿಗಳ ಮಿಶ್ರಣಗಳು ಮಾರುಕಟ್ಟೆಗೂ ಬಂದವು. ಕಾವಿನ ಗೂಡಿನಲ್ಲಿ ತಾಯಿಯ ಎದೆಗರಿಯಿಂದ, ತಾಯಿ ಕೆರೆದ ಮಣ್ಣಿನಿಂದ ಮರಿಗೆ ಅದು ಬಿಟ್ಟಿಯಾಗಿ ಸಿಗುತ್ತಿತ್ತು. ತಾಯಿಯೊಂದಿಗೆ ಬೆಳೆದ ಮರಿಗಳು ಒಂದರ ಗರಿಯನ್ನೊಂದು ಕಿತ್ತು ಗಾಯ ಮಾಡುವುದು ಕಡಿಮೆ ಎಂದೂ ಯುರೋಪಿನ ಅಧ್ಯಯನಗಳು ತೋರಿಸಿವೆ. ಫಾರಂಗಳಲ್ಲಿ ಕೊಕ್ಕು ಕತ್ತರಿಸಿ ತಡೆಯುವ ಅದೇ ಕಾಟ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮದು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮಾತ್ರ ಕೋಳಿಯನ್ನೇ ಕೇಳಿದರು. 2011ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಕಣ್ಣೆದುರು ಮರಿಗಳ ಮೇಲೆ ಗಾಳಿ ಊದಿ ಗರಿ ಕೆದರಿಸಿದಾಗ ತಾಯಿಕೋಳಿಯ ಎದೆಬಡಿತ ಏರಿತು, ಅದು ತನ್ನ ಗರಿ ತೀಡುವುದನ್ನು ಬಿಟ್ಟು ತಲೆಯೆತ್ತಿ ಮರಿಗಳನ್ನು ಕರೆಯತೊಡಗಿತು. ಅದೇ ವಿಶ್ವವಿದ್ಯಾಲಯದ ಹಿಂದಿನ ಇನ್ನೊಂದು ಪ್ರಯೋಗದಲ್ಲಿ, ರುಚಿ ಕೆಟ್ಟದ್ದೆಂದು ತಾನು ಕಲಿತ ಬಣ್ಣದ ಆಹಾರವನ್ನು ಮರಿಗಳು ತಿನ್ನುವುದನ್ನು ಕಂಡ ಕೋಳಿ ಸರಿಯಾದ ಆಹಾರದತ್ತ ಹೆಚ್ಚು ಜೋರಾಗಿ ಕೆರೆದು ಕುಕ್ಕಿ ಅವನ್ನು ಸೆಳೆಯಲು ನೋಡಿತು. ಹಿತ್ತಲಲ್ಲಿ ಕೋಳಿ ಸಾಕಿದ ಯಾವ ಅಜ್ಜಿಗೂ ಇದರಲ್ಲಿ ಹೊಸತೇನೂ ಕಾಣದು. ಪ್ರಯೋಗಶಾಲೆಯೂ ಒಪ್ಪಿದ ಮೇಲಾದರೂ, ಆ ಕೋಳಿಯ ಮೂಗಿಗೆ ಗರಿ ತೂರಿಸುವ ಕೈ ಒಂದು ಕ್ಷಣ ತಡೆಯಬೇಕು.

ಎದುರು ಪಕ್ಷದವರ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ತಾಯಿಯ ಹಿಂದೆ ಬಿಟ್ಟ ಮರಿಗಳಲ್ಲಿ ಸಾಯುವವು ಬಹಳ. ಹಳ್ಳಿಗಳಲ್ಲಿ ಮೊದಲ ಎರಡು ತಿಂಗಳಲ್ಲೇ ಅರ್ಧದಷ್ಟು ಹೋಗುವುದು ಸಾಮಾನ್ಯ. ಹದ್ದು, ಕಾಗೆ, ಬೆಕ್ಕು, ಮುಂಗುಸಿ, ಹಾವು, ಕಾಕತಿಯಂಥ ಊರಲ್ಲಿ ಈಗ ಸರಸರ ಓಡುವ ಬೈಕು. ತಾಯಿಯಿಂದ ಒಳ್ಳೆಯ ಸೂಕ್ಷ್ಮಜೀವಿಗಳಷ್ಟೇ ಬರುವುದಿಲ್ಲ, ಹೇನೂ ಬರುತ್ತದೆ, ಕರುಳ ಹುಳುವೂ ಬರುತ್ತದೆ. ಆದರೆ ಇದರಿಂದ ಹೊರಡುವ ತೀರ್ಮಾನ ತಾಯಿಯನ್ನು ತೆಗೆದುಹಾಕಿ ಎಂದಲ್ಲ, ತಾಯಿಗೆ ನೆರವಾಗಿ ಎಂದು. ಮೊದಲ ಮೂರು ನಾಲ್ಕು ವಾರ ತಾಯಿ ಮರಿಗಳನ್ನು ದೊಡ್ಡ ಬುಟ್ಟಿಯಡಿ, ಅಥವಾ ಬಲೆ ಕಟ್ಟಿದ ಮೂಲೆಯಲ್ಲಿ ಇಟ್ಟು, ಮರಿ ಮಾತ್ರ ನುಸುಳುವಂಥ ಕಂಡಿಯ ಆಚೆ ನುಚ್ಚು, ನೀರು ಇಟ್ಟರೆ ಸಾವು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಕಾವಿನ ಬುಟ್ಟಿಗೆ ಹುಲ್ಲಿನಡಿ ಬೂದಿ, ಬೇವಿನ ಎಲೆ ಹಾಕುವ ರೂಢಿ ಹೇನಿಗೆ ಒಳ್ಳೆಯದು. ಏಳನೆಯ ದಿನ ರಾತ್ರಿ ಮೊಬೈಲಿನ ಟಾರ್ಚಿಗೆ ತತ್ತಿ ಹಿಡಿದರೆ ರಕ್ತನಾಳದ ಬಲೆ ಕಟ್ಟಿದ್ದು ಯಾವುದು, ಬರಡು ಯಾವುದು ಎಂದು ತಿಳಿಯುತ್ತದೆ. ಗುಡುಗಿಗೆ ತತ್ತಿ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವವರ ಜೊತೆ ನನಗೆ ಜಗಳವಿಲ್ಲ, ಆದರೆ ಅದರ ಜೊತೆಗೆ ಮಳೆಯ ಎರಚಲು ಬಾರದ ಜಾಗವೂ ಇರಬೇಕು.

ಹಂಗಾಮಿನ ತಿಳಿವಳಿಕೆಯಂತೂ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಘಟ್ಟದ ಸೆರಗಿನ ಖಾನಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಆರುವುದೇ ಇಲ್ಲ. ಆಗ ಹೊರಟ ಮರಿಗಳು ಶೀತಕ್ಕೆ ಹೋಗುತ್ತವೆ. ನವರಾತ್ರಿ ಕಳೆದ ಮೇಲೆ ಕಾವಿಗಿಟ್ಟರೆ ಸುಗ್ಗಿಯ ಕಾಳು ಚೆಲ್ಲಿರುವ ಹೊತ್ತಿಗೆ ಮರಿ ಹಿತ್ತಲಲ್ಲಿರುತ್ತವೆ. ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ತತ್ತಿ ಇಟ್ಟ ಕೋಣೆ ಬಿಸಿಯಾದರೆ ಕಾವಿಲ್ಲದೆಯೇ ಒಳಗಿನ ಜೀವ ಅರೆಬರೆ ಬೆಳೆಯತೊಡಗಿ ಸಾಯುತ್ತದೆ. ಹಸಿ ಮರಳು ಹಾಕಿದ ಮಣ್ಣಿನ ಗಡಿಗೆಯಲ್ಲಿಟ್ಟು, ವಾರದೊಳಗೆ ಕೂರಿಸಬೇಕು.

ಇಷ್ಟೆಲ್ಲ ಮಾಡಿದರೂ ಒಂದು ರೋಗ ಊರಿಗೆ ಬಂದರೆ ಎಲ್ಲ ಬರಿದು. 1920ರ ದಶಕದಲ್ಲಿ ಹಿಮಾಲಯದ ರಾಣಿಖೇತದಲ್ಲಿ ಗುರುತಿಸಿದ ಕಾರಣ ಆ ಊರಿನ ಹೆಸರೇ ಅಂಟಿಕೊಂಡ, ಕನ್ನಡದಲ್ಲಿ ಕೊಕ್ಕರೆ ರೋಗ ಎಂದು ಕರೆಯುವ ಅದು, ಒಂದು ವಾರದಲ್ಲಿ ಓಣಿಗೆ ಓಣಿಯನ್ನೇ ಖಾಲಿ ಮಾಡುತ್ತದೆ. ಲಸಿಕೆ ಇದೆ, ಹಳೆಯದು, ಅಗ್ಗದ್ದು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳಿಗೆ ಚುಚ್ಚುಮದ್ದು. ತೊಡಕು ಬೇರೆ ಕಡೆ ಇದೆ. ಸೀಸೆಯೊಂದರಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ತಣ್ಣಗಿಡಬೇಕು. ಒಂಬತ್ತು ಮರಿಯ ಒಡತಿ ಅದನ್ನು ತಂದು ಏನು ಮಾಡಿಯಾಳು? ಕಾವಿನ ಕೋಳಿಯೇ ಇದಕ್ಕೆ ದಾರಿ ತೋರಿಸುತ್ತದೆ ಎಂದು ನನ್ನ ಎಣಿಕೆ. ಕಾವಿಗೆ ಕುಂತ ಕೋಳಿಯ ಕೆಳಗೆ ಬರಡು ತತ್ತಿ ಇಟ್ಟು ಕೆಲವು ದಿನ ಹಾಗೇ ಕೂರಿಸಬಹುದು, ಒಳ್ಳೆಯ ತತ್ತಿಯನ್ನು ವಾರ ಕಾಯ್ದಿಡಬಹುದು. ಹಾಗಾಗಿ ಒಂದು ಓಣಿಯ ಹತ್ತು ಹನ್ನೆರಡು ಮನೆಗಳು ಮಾತಾಡಿಕೊಂಡು ಒಂದೇ ವಾರದಲ್ಲಿ ತತ್ತಿ ಕೂರಿಸಿದರೆ ಮರಿಗಳೆಲ್ಲ ಒಂದೇ ವಾರ ಹೊರಬರುತ್ತವೆ. ಒಂದು ಸೀಸೆ, ಒಂದು ಬೆಳಿಗ್ಗೆ, ನೂರು ಮರಿ. ಎರಡು ಕೋಳಿ ಒಂದೇ ದಿನ ಮರಿ ಮಾಡಿದ್ದರೆ ರಾತ್ರಿ ಕತ್ತಲಲ್ಲಿ ಮರಿಗಳನ್ನೆಲ್ಲ ಒಂದರ ರೆಕ್ಕೆಯಡಿ ಸೇರಿಸಿ ಇನ್ನೊಂದನ್ನು ಬಿಡುಗಡೆ ಮಾಡಬಹುದು, ಅದು ಮತ್ತೆ ತತ್ತಿಗೆ ಬರುತ್ತದೆ. ತತ್ತಿಯ ನಷ್ಟದ ಮಾತಿಗೂ ಇದರಲ್ಲಿ ಅರ್ಧ ಉತ್ತರವಿದೆ. ಬಿಸಿ ತಾಳಿಕೊಳ್ಳುವ ಐ-2 ಎಂಬ ಲಸಿಕೆಯನ್ನು ಆಸ್ಟ್ರೇಲಿಯದವರು ರೂಪಿಸಿ, ಮೊಜಾಂಬಿಕ್, ತಾಂಜಾನಿಯಾ ದೇಶಗಳ ಹಳ್ಳಿ ಕೋಳಿಗಳಿಗೆ ಮುಟ್ಟಿಸಿದ್ದಾರೆ. ಅಲ್ಲಿ ಲಸಿಕೆ ಹಾಕುವವರು ಊರಿನವರೇ. ಖಾನಾಪುರದ ಒಳಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಇಬ್ಬರು ಹೆಂಗಸರಿಗೆ ಕಣ್ಣಿಗೆ ಹನಿ ಹಾಕುವುದನ್ನು ಕಲಿಸಿದರೆ ಅದು ಇಲ್ಲಿಯೂ ಆಗುವ ಕೆಲಸ.

2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು, ಅದರ ಹಿಂದಿನ ಗಣತಿಗಿಂತ ಸುಮಾರು ಶೇಕಡಾ 46ರಷ್ಟು ಹೆಚ್ಚು. ಹಿತ್ತಲು ಮುಗಿದ ಕಥೆಯಲ್ಲ. ಈ ಕೋಳಿಗಳ ವಂಶಾಭಿವೃದ್ಧಿಯನ್ನು ನಡೆಸಿಕೊಂಡು ಬಂದವರು ಹೆಂಗಸರು. ಯಾವುದು ತತ್ತಿ ಒಡೆಯದೆ ಕೂರುತ್ತದೆ, ಯಾವುದು ಮರಿಗಾಗಿ ಬೆಕ್ಕಿನ ಮೇಲೂ ಎರಗುತ್ತದೆ, ಯಾವುದು ಹತ್ತನೆಯ ದಿನಕ್ಕೇ ಎದ್ದು ಹೋಗುತ್ತದೆ ಎಂದು ನೋಡಿ, ಒಳ್ಳೆಯ ತಾಯಿಯನ್ನು ಉಳಿಸಿ, ಕೆಟ್ಟದ್ದನ್ನು ಸಾರಿಗೆ ಹಾಕಿದವರು ಅವರು. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಗೂ ಈ ವಂಶದಲ್ಲಿ ಪಾಲಿದೆ. ನಾಡಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ, ಅದರ ಹಳದಿ ಕಾಲಿನ ಗುಣ ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಇಷ್ಟು ಉದ್ದದ ಎಳೆಯನ್ನು ಎರಡು ತಲೆಮಾರಿನ ಆತುರದಲ್ಲಿ ಕಡಿಯಲು ನಮಗೇನು ಅಧಿಕಾರವಿದೆ?

ಬೆಳಗಾವಿ ನಗರದ ಮೂವತ್ತು ನಲವತ್ತರ ಸೈಟಿನವರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು. ಹುಂಜದ ಕೂಗನ್ನು ನೆರೆಯವರು ಸಹಿಸಬೇಕು, ಮಣ್ಣು ಬೇಕು. ಶಹಾಪುರ, ವಡಗಾಂವ ಕಡೆಯ ಹಳೆಯ ಮನೆಗಳಲ್ಲಿ ಹಿತ್ತಲು ಉಳಿದಿರುವವರು ಹುಂಜವಿಲ್ಲದೆಯೂ ಹಳ್ಳಿಯಿಂದ ಫಲಿತ ತತ್ತಿ ತಂದು ಒಂದು ಕೋಳಿ ಕೂರಿಸಬಹುದು, ಅಷ್ಟೆ.

ಹಳ್ಳಿಯ ಮಟ್ಟಿಗೆ ನನ್ನ ಬೇಡಿಕೆ ಸಣ್ಣದು. ಪಶುಸಂಗೋಪನಾ ಇಲಾಖೆ ಹೆಂಗಸರಿಗೆ ಮರಿ ಹಂಚುವ ಯೋಜನೆಗಳಲ್ಲಿ, ಕಾವಿನ ಕೋಳಿ ಇರುವ ಮನೆಗಳಿಗೆ ಮರಿಯ ಬದಲು ಫಲಿತ ತತ್ತಿ ಕೊಡಲಿ. ಗಿರಿರಾಜದ್ದೋ ಸ್ವರ್ಣಧಾರದ್ದೋ ತತ್ತಿಯನ್ನು ಜವಾರಿ ತಾಯಿ ತನ್ನದೆಂದೇ ಕಾಯುತ್ತದೆ, ಸಾಕುತ್ತದೆ. ಹೆಚ್ಚು ತತ್ತಿ ಬೇಕೆಂಬ ಇಲಾಖೆಯ ಆಸೆಯೂ ಈಡೇರುತ್ತದೆ. ಐದು ವಾರ ಬಲ್ಬು, ಆಹಾರ, ಆಳು ಎಂದು ತಗಲುವ ಖರ್ಚು ಉಳಿಯುತ್ತದೆ, ಮರಿ ಮೊದಲ ದಿನದಿಂದಲೇ ಹಿತ್ತಲನ್ನು ಕಲಿಯುತ್ತದೆ. ತತ್ತಿ ಬಂದ ಮೇಲೆ ಒಂದು ದಿನ ಚೂಪುತುದಿ ಕೆಳಗಾಗಿ ನಿಲ್ಲಿಸಿಟ್ಟು ಆಮೇಲೆ ಕೂರಿಸಬೇಕು, ಕತ್ತಲಾದ ಮೇಲೆ ಒಂದೊಂದಾಗಿ ಅಡಿಗೆ ಸರಿಸಿದರೆ ಕೋಳಿ ಎದ್ದು ಓಡುವುದಿಲ್ಲ. ಒಂದೇ ಷರತ್ತು ಇರಲಿ. ಹೀಗೆ ಹುಟ್ಟಿದ ಹೊಸ ತಳಿಯ ಹೇಟೆಗಳು ಕಾವಿಗೆ ಕೂರುವುದು ಕಡಿಮೆಯಾದ್ದರಿಂದ, ಪ್ರತಿ ಮನೆಯಲ್ಲೂ ಎರಡು ಮೂರಾದರೂ ಜವಾರಿ ಹೇಟೆಗಳನ್ನು ಮಾರದೆ, ಕೊಯ್ಯದೆ ಉಳಿಸಿಕೊಳ್ಳಬೇಕು. ಮರಿ ಕೇಳಿ ಅರ್ಜಿ ಹಾಕುವ ನಮೂನೆಯಲ್ಲಿ "ನಿಮ್ಮ ಮನೆಯಲ್ಲಿ ಕಾವಿಗೆ ಕೂರುವ ಕೋಳಿ ಎಷ್ಟಿವೆ?" ಎಂಬ ಒಂದು ಸಾಲು ಸೇರಿಸಿ ಅಲ್ಲಿಂದ ಶುರುಮಾಡಲಿ.